ಅಳಿಯ ಮಾಡಿದ ಗರಗಸದ ಸ್ಟ್ಯಾಂಡ್

ಆಗ ನನಗೆ ಐವತ್ತೆಂಟು. ಇಪ್ಪತ್ತು ವರ್ಷದ ಹಿಂದಿನ ಮಾತು. ಎತ್ತರ ನಾಲ್ಕೂವರೆ ಅಡಿ, ಬಾಯಿ ಆರಡಿ. ಬಸ್ಸಿನ ಮೆಟ್ಟಿಲು, ಬ್ಯಾಂಕಿನ ಕಿಟಕಿ, ಗುಡಿಯ ಗಂಟೆ ಎಲ್ಲವನ್ನೂ ಉದ್ದನೆಯವರು ತಮಗೋಸ್ಕರ ಮಾಡಿಕೊಂಡಿದ್ದಾರೆ. ನಾನು ಅವನ್ನೆಲ್ಲ ಬೈಯುತ್ತಲೇ ಬದುಕಿದವಳು.

ಕೂಕಟ್‌ಪಲ್ಲಿಯಲ್ಲಿ ನಮ್ಮದೊಂದು ಬಡಗಿ ಶೆಡ್ಡು. ಗಂಡ ಸತ್ತ ಮೇಲೆ ನಾನೂ ಅಳಿಯ ಮಲ್ಲಪ್ಪನೂ ನಡೆಸುತ್ತಿದ್ದೆವು. ಅಮೀರ್‌ಪೇಟೆಯ ಗಲ್ಲಿಗಲ್ಲಿಯಲ್ಲೂ ಕಂಪ್ಯೂಟರ್ ಕ್ಲಾಸು ಹುಟ್ಟಿದ ಕಾಲ. ಎಲ್ಲರಿಗೂ ಮೇಜು ಬೇಕು. ಕಂಪ್ಯೂಟರ್ ಏನು ಮಾಡುತ್ತದೋ ನನಗೆ ಗೊತ್ತಿಲ್ಲ, ಅದನ್ನು ಹೊರುವ ಮೇಜು ಅಲುಗಬಾರದು ಎಂಬುದು ಗೊತ್ತು. ಕರೆಂಟಿನ ಗರಗಸ ಬಂದ ದಿನವೇ ಹೇಳಿಬಿಟ್ಟೆ: "ಅಳಿಯಾರ, ಇದನ್ನ ನಾನೂ ನಡಸಾಕಿ. ಸ್ಟ್ಯಾಂಡ್ ನಿಮ್ಮ ಎತ್ತರಕ್ಕ ಏರಬೇಕು, ನನ್ನ ಎತ್ತರಕ್ಕ ಇಳೀಬೇಕು." ಅದರ ಮುಂದೆ ನಿಲ್ಲದಿದ್ದರೆ ನನಗೆ ಉಳಿಯುವುದು ಚಹಾ ಕಾಸುವ ಕೆಲಸ. ನನ್ನ ಚಹಾ ಕುಡಿದವರಿಗೆ ಗೊತ್ತು, ಅದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಮೊದಲು ಕಟ್ಟಿಗೆಯ ಕಾಲಿನದು ಮಾಡಿದ. ಗುಂಡಿ ಒತ್ತಿದ್ದೇ ತಡ, ಗರಗಸಕ್ಕೆ ಮೈಮೇಲೆ ದೇವರು ಬಂತು. ಆಮೇಲೆ ಕಬ್ಬಿಣದ್ದು: ಅಗಲಿಸಿದ ಕಾಲು, ನಡುವೆ ಅಡ್ಡಪಟ್ಟಿ, ಪೈಪಿನೊಳಗೆ ಪೈಪು, ಸಾಲಾಗಿ ತೂತು, ಬೇಕಾದ ತೂತಿಗೆ ಗೂಟ. ನಾನು ಮೇಲೆ ಕೂತೆ, ಮಗಳು ಶಾಂತಾಳನ್ನೂ ಕೂರಿಸಿಕೊಂಡೆ. ಮಿಸುಕಲಿಲ್ಲ. ಆದರೆ ಎಲ್ಲಕ್ಕಿಂತ ಕೆಳಗಿನ ತೂತಿಗೆ ಇಳಿಸಿದರೂ ಗರಗಸ ನನ್ನ ಗದ್ದಕ್ಕೆ ಬಂತು.

"ಇನ್ನೂ ಕೆಳಗ ಒಂದು ತೂತು ಹಾಕ್ರಿ."

"ಪೈಪು ಸೀಳತದರಿ ಅತ್ತಿ."

"ಮ್ಯಾಲೆ ಇಷ್ಟು ತೂತು ಹಾಕೀರಿ, ಅಲ್ಲಿ ಸೀಳಲಿಲ್ಲೇನು?"

ಮಲ್ಲಪ್ಪ ಗೂಟ ಕಿತ್ತು ಮತ್ತೆ ಅದೇ ತೂತಿಗೆ ಹಾಕಿದ. ನಾನು ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದು ಚೆನ್ನಾಗಿ ಬೈದೆ. ಅಳಿಯನ ಮುಂದೆ ಬಾಯಿ ಎಷ್ಟು ಬಿಟ್ಟರೂ ಸೆರಗು ಬಿಟ್ಟವಳಲ್ಲ ನಾನು. ಮರ್ಯಾದೆ ಅಂದರೆ ಮರ್ಯಾದೆ. "ಅತ್ತಿನ್ನ ಮೂಲಿಗೆ ಕೂಡಸಾಕ ಸ್ಟ್ಯಾಂಡ್ ಮಾಡ್ಯಾನ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವನು ಎದ್ದು ಹೊರಗೆ ಹೋದ.

ಶಾಂತಾ ಸೊಂಟದ ಮೇಲೆ ಕೈಯಿಟ್ಟಳು. "ಯವ್ವಾ, ನೀ ಬಗ್ಗಿದಾಗೊಮ್ಮೆ ಆ ಸೆರಗು ಗರಗಸದ ಹಲ್ಲಿನ ಮುಂದ ಜೋಲ್ಯಾಡ್ತದ. ಸಿಗಬಿದ್ರ ತಲಿ ಸುದ್ದಾ ಒಳಗ ಎಳಕೊಂತದ. ಅದಕ್ಕ ಅವರು ನಿನಗ ನಿಲುಕದಂಗ ಮಾಡ್ಯಾರ."

"ಹಂಗಂತ ಹೇಳಾಕ ಬಾಯಿ ಇಲ್ಲೇನು ಅವಗ?"

"'ಅತ್ತೀ, ಸೆರಗು ಬಿಗೀರಿ' ಅಂತ ಯಾವ ಅಳಿಯಾ ಹೇಳ್ತಾನವ್ವಾ? ಹೇಳಿದ್ರ ನೀ ಬಿಡ್ತಿದ್ದೇನು?"

ಬಿಡುತ್ತಿರಲಿಲ್ಲ. ಇಕ್ಕಳದಲ್ಲಿ ಹೊಡೆಯುತ್ತಿದ್ದೆ. ಪಾಪ, ಒಂದು ಮಾತು ಆಡಲಾಗದೆ ಅಷ್ಟೊಂದು ಕಬ್ಬಿಣ ಬೆಸೆದಿದ್ದ.

ಅಂದು ಸಂಜೆ ಅವನಿಗೆ ಚಹಾ ಕೊಟ್ಟು, "ಕೆಳಗಿನ ತೂತು ಹಾಕ್ರಿ, ಉಳಿದದ್ದು ನಾ ನೋಡ್ಕೊಂತೀನಿ" ಎಂದೆ. ಚಹಾದ ಲೋಟ ಕೆಳಗಿಟ್ಟು ತಕ್ಷಣ ತೂತು ಹಾಕಿದ; ನನಗೆ ಹೆದರಿದನೋ ಚಹಾಕ್ಕೆ ಹೆದರಿದನೋ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದೆ, ಮರ್ಯಾದೆಗೆಂದು ತಲೆಗೆ ಟವೆಲ್ ಸುತ್ತಿದೆ, ತಂತಿಯ ಮೇಲೆ ಒಣಗುತ್ತಿದ್ದ ಮಲ್ಲಪ್ಪನ ಮದುವೆಯ ಅಂಗಿಯನ್ನು ಸೆರಗು ಜಾರದಂತೆ ಸೀರೆಯ ಮೇಲೆ ತೊಟ್ಟು ಗುಂಡಿ ಹಾಕಿದೆ. ತೋಳು ಉದ್ದವಾಯಿತು. ಅಂಗಿ ಹೊಲಿದವನನ್ನೂ ಬೈದು, ಮೊಣಕೈವರೆಗೆ ಮಡಿಸಿಕೊಂಡು, ಗರಗಸ ಹಚ್ಚಿದೆ.