ಆಗಾಶೆಯವರ ತಾರಸಿ ಪಾಳಿ

ಪುಣೆಯ ಸದಾಶಿವ ಪೇಠೆಯ 'ಕೃತಾರ್ಥ' ಕಟ್ಟಡದ ರಗಳೆಗೆಲ್ಲ ಮೂಲ ಒಂದು ಇಟ್ಟಿಗೆ. ನಾಳೆ ಹಪ್ಪಳ ಸಂಡಿಗೆ ಒಣಹಾಕುವವರು ಇವತ್ತು ಸಂಜೆ ತಾರಸಿಯ ಬಾಗಿಲ ಬಳಿ ಒಂದು ಇಟ್ಟಿಗೆ ಇಟ್ಟು ಬರಬೇಕು ಎಂಬುದು ಅಲ್ಲಿಯ ಹಳೆಯ ಪದ್ಧತಿ. ಇಟ್ಟಿಗೆ ಯಾರದೋ ಮರುದಿನದ ಪಾಳಿ ಅವರದು, ಕಾಗೆ ಕಾಯುವ ಕೆಲಸವೂ ಅವರದೇ. ಮೇಲಿನ ಮಹಡಿಯ ಲಿಮಯೆ ಆಜಿ ಇಟ್ಟ ಇಟ್ಟಿಗೆ ಮಾತ್ರ ಮೂರು ವರ್ಷವಾದರೂ ಅಲ್ಲಿಂದ ಎದ್ದಿರಲಿಲ್ಲ. ಆಜಿಯ ನಾಲಿಗೆ ಅಡಕತ್ತರಿಯಂಥದು, ಹೋಗಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಅಲ್ಲದೆ ಪುಣೆಯ ಜನ ಕೇಳುವುದಿಲ್ಲ, ಫಲಕ ಅಂಟಿಸುತ್ತಾರೆ. ತಾರಸಿ ಬಾಗಿಲಿಗೆ ಒಂದು ಫಲಕ ಬಂತು: 'ತಾರಸಿ ಎಲ್ಲರದು. ಸಂಬಂಧಪಟ್ಟವರಿಗೆ ಓದಲು ಬರುತ್ತದೆಂದು ನಂಬಿ ಬರೆಯಲಾಗಿದೆ.' ಇಟ್ಟಿಗೆ ಅಲುಗಲಿಲ್ಲ.

ಇದರಿಂದ ಎಲ್ಲರಿಗಿಂತ ಹೆಚ್ಚು ನೊಂದವನು ಎರಡನೆಯ ಮಹಡಿಯ ಮೋರೇಶ್ವರ ಆಗಾಶೆ. ತನಗಾಗಿ ಅಲ್ಲ, ಹೆಂಡತಿ ಕುಮುದಳಿಗಾಗಿ. ಕುಮುದಳ ಕೈಯ ಕುರಡಿಗೆ ಸಂಡಿಗೆ ಎಂದರೆ ಒಂದು ಕಾಲದಲ್ಲಿ ಇಡೀ ಪೇಠೆ ಬಾಯಿ ಚಪ್ಪರಿಸುತ್ತಿತ್ತು. ಗೋಧಿಯನ್ನು ಮೂರು ದಿನ ನೆನೆಹಾಕಿ, ಹಾಲು ತೆಗೆದು, ಕಾಸಿ, ಬಿಸಿ ಇರುವಾಗಲೇ ಶ್ಯಾವಿಗೆ ಒತ್ತುವ ಒರಳಿನಲ್ಲಿ ಎಳೆಎಳೆಯಾಗಿ ಒತ್ತಿ, ಬಿಸಿಲಿಗೆ ಹಾಕಬೇಕು. ಹೋದ ವರ್ಷ ಬೇರೆ ದಾರಿಯಿಲ್ಲದೆ ಕಿಟಕಿಯ ಸರಳುಗಳ ಮಧ್ಯೆ ಒಣಗಿಸಿದ್ದಳು. ಒಂದೊಂದೂ ಇಲಿಯ ಕಿವಿಯಂತೆ ಮುದುಡಿತ್ತು. ನೋಡಿ ಅವಳು ನಕ್ಕಳು, ಆದರೆ ನಕ್ಕವಳು ಮುಖವನ್ನು ಆ ಕಡೆ ತಿರುಗಿಸಿದಳು. ಅದನ್ನು ಮೋರೇಶ್ವರ ಮರೆತಿರಲಿಲ್ಲ. ನಿವೃತ್ತನಾಗಿ ಇಪ್ಪತ್ತು ದಿನವಾಗಿತ್ತು. ಈ ಸಲ ಅವಳಿಗೆ ತಾರಸಿ ಕೊಡಿಸಿಯೇ ತೀರುತ್ತೇನೆಂದು ಪಣ ತೊಟ್ಟಿದ್ದ.

ಅವನ ಕೈಗೆ ಸಿಕ್ಕ ಆಯುಧ ಕಂಪ್ಯೂಟರು. ನಿವೃತ್ತಿಗೆ ಮುಂಚೆ ಕಚೇರಿಯವರು ಮೂರು ದಿನದ ತರಬೇತಿಗೆ ಕಳಿಸಿದ್ದರು. ಅಲ್ಲಿ ಪ್ರೋಗ್ರಾಮು ಬರೆಯಲು ಒಂದು ಹಗುರವಾದ ಫ್ರೇಮ್‌ವರ್ಕ್ ಹೇಳಿಕೊಟ್ಟಿದ್ದರು. ಏಳು ಸಾಲು ಬರೆದರೆ ಸಾಕು, ಫೋನಿನಲ್ಲಿ ನಿಮ್ಮದೇ ಒಂದು ಪುಟ ತೆರೆಯುತ್ತದೆ. ಮೋರೇಶ್ವರ ಏಳನ್ನು ನಲವತ್ತು ಮಾಡಿ 'ತಾರಸಿ ಪಾಳಿ' ಎಂಬ ಪುಟ ಕಟ್ಟಿದ. ತಾರೀಖಿನ ಎದುರು ಹೆಸರು ಬರೆದರೆ ಆ ದಿನ ಅವರದು. ಇಟ್ಟಿಗೆಯ ಹಂಗಿಲ್ಲ.

ಶನಿವಾರ ಬೆಳಿಗ್ಗೆ ಕುಮುದ ಸೆರಗಿಗೆ ಕೈ ಒರೆಸುತ್ತ ಬಂದಳು.

"ರೀ, ನಾಳೆಗೆ ಗೋಧಿ ನೆನಿಹಾಕಿ ಮೂರು ದಿನ. ನಾಳೆ ಒತ್ತಲಿಲ್ಲಂದ್ರ ಹುಳಿ ಬರ್ತದ. ನಾನs ಮ್ಯಾಲೆ ಹೋಗಿ ಆಜೀನ ಒಂದು ಮಾತು ಕೇಳಿ ಬರ್ಲೇನು?"

"ಕೇಳೋದ್ಯಾಕ? ನಮ್ಮ ಹಕ್ಕದು. ಹತ್ತು ಗಂಟೆಕ್ಕ ನೋಡ್ತಿರು."

ಹತ್ತಕ್ಕೆ ಸರಿಯಾಗಿ ಅವನು ಪುಟದ ವಿಳಾಸವನ್ನು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದ. ಪುಟ ಇದ್ದದ್ದು ಅವನ ಲ್ಯಾಪ್‌ಟಾಪಿನಲ್ಲಿ, ತೆರೆಯುತ್ತಿದ್ದುದು ಅವನ ಮನೆಯ ವೈಫೈಯಲ್ಲಿ. ಹಾಗಾಗಿ ವೈಫೈ ಪಾಸ್‌ವರ್ಡನ್ನೂ ಉಳಿದ ಹನ್ನೊಂದು ಮನೆಗಳಿಗೆ ಧಾರೆ ಎರೆದ. ಆಮೇಲೆ ರವಿವಾರದ ಎದುರು 'ಕುಮುದ ಆಗಾಶೆ' ಎಂದು ತಾನೇ ಮೊದಲು ಬರೆದ. ಬಾವಿ ತೋಡಿದವನು ಮೊದಲ ಕೊಡ ಎತ್ತಿಕೊಂಡರೆ ತಪ್ಪೇನಿಲ್ಲ ಎಂದು ಸಮಾಧಾನ ಹೇಳಿಕೊಂಡ.

ಐದು ನಿಮಿಷದಲ್ಲಿ ಕೆಳಗಿನ ಮನೆಯ ದಾಮಲೆ ಮಾಸ್ತರು ಬಂದರು. ಕಟ್ಟಡದ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ತರು, ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕದಿದ್ದರೆ ಊಟ ಸೇರದವರು.

"ಆಗಾಶೆ, ಮ್ಯಾಲೆ ಶ್ರೀಕಾರ ಎಲ್ಲದ? ಕಿರಾಣಿ ಯಾದಿಗೂ ನಾವು ಶ್ರೀ ಹಾಕ್ತೀವಿ."

"ಒಂದು ನಿಮಿಷ ಮಾಸ್ತರ್," ಎಂದು ಮೋರೇಶ್ವರ ಶ್ರೀಕಾರ ಸೇರಿಸಿ ಸೇವ್ ಒತ್ತಿದ. ಮಾಸ್ತರು ಹೋದ ಮೇಲೆ ನೋಡಿದರೆ ರವಿವಾರದ ಎದುರು 'ಸಾಠೆ' ಎಂದಿತ್ತು.

ಅಷ್ಟರಲ್ಲಿ ಇಡೀ ಕಟ್ಟಡಕ್ಕೆ ಅತ್ತಿಗೆಯಾದ ಎದುರು ಮನೆಯ ಸಾಠೆ ವಹಿನಿಯೇ ಬಾಗಿಲಿಗೆ ಬಂದಳು.

"ವಹಿನಿ, ರವಿವಾರ ನಮ್ಮ ಮನೀದಿತ್ತಲ್ರೀ?"

"ಇದ್ದಿದ್ರ ಇರ್ತಿತ್ತಲ್ಲ ಭಾವುಜಿ. ಖಾಲಿ ಕಾಣ್ತು, ಬರದೆ. ಫೋಟೋನೂ ತಗೊಂಡೀನಿ ನೋಡ್ರಿ. ಅದಿರ್ಲಿ, ಅಕ್ಷರ ಇರಿವಿ ಹರದಾಡಿಧಂಗ ಅದಾವು. ಒಂದೀಟು ದೊಡ್ಡು ಮಾಡ್ರಿ."

ಮೋರೇಶ್ವರ ಒಳ್ಳೆಯವನು. ಅಕ್ಷರ ದೊಡ್ಡದು ಮಾಡಿ ಸೇವ್ ಒತ್ತಿದ. ವಹಿನಿಯ ಕಣ್ಣೆದುರಿಗೇ ವಹಿನಿಯ ಹೆಸರು ಮಾಯವಾಯಿತು. ಅವಳು ಬಾಯಿ ತೆರೆಯುವುದರೊಳಗೆ ಅಲ್ಲಿ 'ದಾಮಲೆ' ಬಂದು ಕೂತಿತ್ತು.

ಮಧ್ಯಾಹ್ನದ ಹೊತ್ತಿಗೆ ಆಗಾಶೆಯ ನಡುಮನೆ ರೇಷನ್ ಅಂಗಡಿಯಾಗಿತ್ತು. ಒಬ್ಬರು ದೂರು ತರುವುದು, ಇವನು ಸರಿಪಡಿಸುವುದು, ಇನ್ನೊಬ್ಬರ ಹೆಸರು ಹಾರಿಹೋಗುವುದು. ಆರು ಜನರ ಫೋನಿನಲ್ಲಿ ಆರು ಫೋಟೋ, ಆರರಲ್ಲೂ ರವಿವಾರ ಅವರವರದೇ. ಕುಮುದ ಯಾರಿಗೂ ಇಲ್ಲವೆನ್ನದೆ ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ಆಗ ಕೋಲೂರುತ್ತ ಲಿಮಯೆ ಆಜಿ ಇಳಿದು ಬಂದಳು.

"ಮೋರೂ, ಏನೋ ಇದು ಗದ್ದಲ? ಇಟ್ಟಿಗಿ ಇಟ್ಟಿಗಿ ಅಂತ ಮ್ಯಾಲಿನ ತನಕ ಕೇಳಿಸ್ತು."

ಸಾಠೆ ವಹಿನಿ ಧೈರ್ಯ ಮಾಡಿದಳು. "ಆಜಿ, ಇನ್ನ ಎಲ್ಲಾ ಫೋನಿನಾಗ ಆಗ್ತದ. ನಿಮ್ಮ ಇಟ್ಟಿಗಿ ತಗದುಬಿಡ್ರಿ."

"ತಗದ್ರ ಹೆಂಗವಾ? ನಾ ಇರೋತನಕ ಅದು ಅಲ್ಲೇ ಇರಬೇಕು." ಆಜಿ ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿದಳು. "ಅಲ್ಲಾ, ಇಷ್ಟು ಮಂದಿ ಇನ್ನೂ ಮನ್ಯಾಗ ಸಂಡಿಗಿ ಮಾಡ್ತೀರೇನು?"

ಚುಚ್ಚಿದಳು ಎಂದೇ ಎಲ್ಲರೂ ತಿಳಿದರು. ಆಜಿ ಒಂದೊಂದೇ ಮೆಟ್ಟಿಲು ಹತ್ತಿ ಹೋಗುವುದನ್ನು ಕುಮುದ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಜನ ಊಟಕ್ಕೆ ಚದುರಿದ ಮೇಲೆ ಅವಳೂ ಎಲ್ಲಿಗೋ ಹೋದಳು. ಮೋರೇಶ್ವರನಿಗೆ ಅದರ ಕಡೆ ಗಮನವಿರಲಿಲ್ಲ.

ಅವನು ತಲೆ ಮೇಲೆ ಕೈ ಹೊತ್ತು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮು ಓಡುವ ಕಪ್ಪು ಕಿಟಕಿಯನ್ನೇ ದಿಟ್ಟಿಸುತ್ತಿದ್ದ. ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಬದಲಿಸಿ ಸೇವ್ ಒತ್ತಿದ. ಕಿಟಕಿಯಲ್ಲಿ ಒಂದು ಸಾಲು ಮೂಡಿತು, ಪ್ರೋಗ್ರಾಮು ಮತ್ತೆ ಮೊದಲಿನಿಂದ ಶುರುವಾಯಿತಂತೆ. ಮೋರೇಶ್ವರ ಹಣೆ ಚಚ್ಚಿಕೊಂಡ. ಹೆಸರುಗಳನ್ನು ಅವನು ಎಲ್ಲೂ ಬರೆದಿಟ್ಟಿರಲೇ ಇಲ್ಲ. ಪ್ರೋಗ್ರಾಮು ಅವನ್ನು ತಲೆಯಲ್ಲಷ್ಟೇ ಇಟ್ಟುಕೊಂಡಿತ್ತು. ಇವನು ಸೇವ್ ಒತ್ತಿದಾಗಲೆಲ್ಲ ಅದು ಹೊಸದಾಗಿ ಹುಟ್ಟುತ್ತಿತ್ತು, ಹೋದ ಜನ್ಮದ್ದೆಲ್ಲ ಮರೆಯುತ್ತಿತ್ತು. ಶ್ರೀಕಾರ ಹಾಕಿ ಹೆಂಡತಿಯ ಹೆಸರನ್ನು ಅಳಿಸಿದವನು ತಾನೇ.

ಮೂರು ಗಂಟೆಯ ಹೊತ್ತಿಗೆ ಹೆಸರುಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುವಂತೆ ಮಾಡಿದ. ಪರೀಕ್ಷೆಗೆಂದು ರವಿವಾರದಿಂದ ಮೇ ಮೂವತ್ತೊಂದರವರೆಗೆ ಪ್ರತಿದಿನದ ಎದುರೂ 'ಆಗಾಶೆ' ಎಂದು ತುಂಬಿದ. ಸೇವ್ ಒತ್ತಿದ. ಅಳಿಯಲಿಲ್ಲ. ಹತ್ತು ಸಲ ಒತ್ತಿದ. ಬಂಡೆಗಲ್ಲಿನ ಮೇಲೆ ಕೆತ್ತಿದಂತೆ ನಿಂತಿತ್ತು. ಆನಂದಕ್ಕೆ ತಾನೇ ಚಹಾ ಮಾಡಿಕೊಳ್ಳಲು ಒಳಗೆ ಹೋದ. ಕುಡಿದು ಬಂದು ಎಲ್ಲ ಅಳಿಸಿದರಾಯಿತು ಎಂದುಕೊಂಡಿದ್ದ.

ಹಾಲು ಉಕ್ಕುವ ಮೊದಲೇ ಕಟ್ಟಡ ಉಕ್ಕಿತು.

"ಇಡೀ ತಿಂಗಳು ನಿಮಗs ಬೇಕೇನ್ರೀ?" ಸಾಠೆ ವಹಿನಿ ಫೋನನ್ನು ಅವನ ಮೂಗಿಗೆ ಹಿಡಿದಳು. "ಆಜಿದು ಒಂದs ಇಟ್ಟಿಗಿ. ನೀವು ಗ್ವಾಡೀನs ಕಟ್ಟೀರಿ."

"ಪರೀಕ್ಷೆ ಮಾಡ್ಲಿಕ್ಕೆ ಬರದದ್ದು ವಹಿನಿ. ಈಗs ಅಳಸ್ತೀನಿ."

"ಮುಟ್ಟಬ್ಯಾಡ್ರಿ," ಎಂದು ಮಾಸ್ತರು ಕೈ ಎತ್ತಿದರು. "ಮುಂಜಾನಿಂದ ನೀವು ಅದನ್ನ ಮುಟ್ಟಿದಾಗೆಲ್ಲ ನಮ್ಮ ಹೆಸರು ಹೋಗ್ಯಾವು. ಈಗ ಏನದ ಹಂಗs ಇರ್ಲಿ. ಪಾಳಿ ಯಾರದೋ ಕಾಗಿ ಕಾಯೋದು ಅವರ ಕೆಲಸ, ಇದು ಕಟ್ಟಡದ ನಿಯಮ. ತಿಂಗಳ ತುಂಬಾ ಪಾಳಿ ನಿಮ್ದು. ನಾವು ನಿಮ್ಮ ಪಾಳ್ಯಾಗ ಬಂದ ಪಾಹುಣೇರು, ಅತಿಥಿಗಳು. ನಾವು ಹಾಸ್ತೀವಿ, ನೀವು ಕಾಯ್ರಿ."

ಹನ್ನೊಂದು ಮನೆಗಳೂ ಒಪ್ಪಿದವು. ಮೋರೇಶ್ವರ ಕುಮುದಳಿಗಾಗಿ ಸುತ್ತ ನೋಡಿದ. ಅವಳು ಮೇಲಿನಿಂದ ಮೆಟ್ಟಿಲು ಇಳಿದು ಬರುತ್ತಿದ್ದಳು.

"ಕುಮುದ, ನನ್ನ ಕೈಲೆ ಆಗ್ಲಿಲ್ಲ," ಎಂದ.

"ಇರ್ಲಿ ಬಿಡ್ರಿ. ನಾಳೆ ಬೆಳಗಾಗ ಒರಳು ಎತ್ತಿಕೊಂಡು ಬರ್ರಿ," ಎಂದು ಅವಳು ಒಳಗೆ ಹೋದಳು.

ರವಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಅವನು ಒರಳು ಹೊತ್ತು ಹತ್ತಿದ. ಬಾಗಿಲು ತೆರೆದಿತ್ತು, ಇಟ್ಟಿಗೆ ತನ್ನ ಜಾಗದಲ್ಲೇ ಇತ್ತು. ತಾರಸಿಯಲ್ಲಿ ಒಗೆದ ಬಿಳಿ ಸೀರೆ ಹಾಸಿತ್ತು. ಅದರ ಪಕ್ಕದಲ್ಲಿ ಲಿಮಯೆ ಆಜಿ ಕೂತು ಕುಮುದ ಕೊಟ್ಟ ಬಿಸಿ ಗೋಧಿ ಹಾಲಿನ ಮುದ್ದೆಗೆ ತುಪ್ಪ ಸಕ್ಕರೆ ಕಲಸಿ ತಿನ್ನುತ್ತಿದ್ದಳು. ಅಷ್ಟು ದೊಡ್ಡ ತಾರಸಿಯಲ್ಲಿ ಆಜಿಯದೆಂದು ಇದ್ದದ್ದು ಒಂದೇ ತಟ್ಟೆ ಮೆಣಸಿನಕಾಯಿ.

"ಆಜಿ," ಮೋರೇಶ್ವರ ತೊದಲಿದ, "ಮತ್ತ ಆ ಇಟ್ಟಿಗಿ..."

"ಬಾಗಲದ ಚಿಲಕ ಮುರದು ಮೂರು ವರ್ಷ ಆತಲ್ಲೋ. ದಾಮಲೆಗ ಹೇಳಿ ಹೇಳಿ ಸಾಕಾತು. ಗಾಳಿಗೆ ಬಾಗಲಾ ಧಡಾ ಧಡಾ ಬಡೀತದ, ನನ್ನ ಖೋಲಿ ಅದರ ಕೆಳಗs ಅದ. ಅದಕ್ಕ ಇಟ್ಟಿಗಿ ಅಡ್ಡ ಕೊಟ್ಟೀನಿ. ತಗೀರಿ ಅಂದ್ರ ಹೆಂಗ ತಗೀಲಿ?" ಆಜಿ ಬಟ್ಟಲು ಕೆಳಗಿಟ್ಟಳು. "ಮೊದಲ ಎಲ್ಲಾರೂ ಬರ್ತಿದ್ರಿ. ಆಮ್ಯಾಲೆ ಒಬ್ಬರೂ ಬರ್ಲಿಲ್ಲ. ಈಗಿನವರು ಎಲ್ಲಾ ಅಂಗಡ್ಯಾಗ ತರ್ತಾರ ಅಂದ್ಕೊಂಡೆ. ಮೂರು ಬ್ಯಾಸಗಿ ಇಲ್ಲೆ ಒಬ್ಬಾಕೀನs ಕೂತೆ. ನಿನ್ನೆ ಕುಮುದ ಬಂದು ಕೇಳಿದಾಗ ನನಗ ಅಳು ಬಂತು ನೋಡು."

ಮೋರೇಶ್ವರ ಒರಳನ್ನು ಸೀರೆಯ ಪಕ್ಕದಲ್ಲಿ ಇಳಿಸಿದ. ನಲವತ್ತು ಸಾಲು ಬರೆದಿದ್ದ. ಕುಮುದ ಒಂದು ಮಾತು ಕೇಳಿದ್ದಳು. ಅದನ್ನು ಕೇಳಿ ಬರುತ್ತೇನೆಂದು ಅವಳು ನಿನ್ನೆ ಬೆಳಿಗ್ಗೆಯೇ ಹೇಳಿದ್ದಳು.

ಎಂಟು ಗಂಟೆಗೆ ಉಳಿದವರೂ ಚಾದರ ಹೊತ್ತು ಬಂದರು. ಚಿಲಕದ ವಿಷಯ ಕೇಳಿ ಮಾಸ್ತರು ಕೆಮ್ಮಿದರು. ಹನ್ನೆರಡು ಮನೆಯ ಹಪ್ಪಳ ಸಂಡಿಗೆ ಹಾಸಿದ ಮೇಲೂ ತಾರಸಿಯಲ್ಲಿ ಮೂಲೆಯಷ್ಟು ಜಾಗ ಮಿಕ್ಕಿತು. ಆ ಮೂಲೆಯಲ್ಲಿ ಮೋರೇಶ್ವರನಿಗೆ ಒಂದು ಸ್ಟೂಲು, ಒಂದು ಛತ್ರಿ, ಒಂದು ಉದ್ದ ಕೋಲು.

"ಈಗ ಹೆಸರು ಅಳಸ್ಲೇನು?" ಎಂದು ಅವನು ಮೆಲ್ಲಗೆ ಕುಮುದಳನ್ನು ಕೇಳಿದ.

"ಬ್ಯಾಡ್ರಿ, ಇರ್ಲಿ. ಆಜಿಗೆ ಮಾತಾಡ್ಲಿಕ್ಕೆ ಯಾರರೆ ಬೇಕಲ್ಲ." ಅವಳು ಚಕ್ರದಂತೆ ದುಂಡಗೆ ಒತ್ತಿದ ಕುರಡಿಗೆಗಳ ಸಾಲನ್ನು ನೋಡಿ ನಕ್ಕಳು. ಈ ಸಲ ಮುಖ ತಿರುಗಿಸಲಿಲ್ಲ. ಕೆಳಗೆ ಲ್ಯಾಪ್‌ಟಾಪು ತೆರೆದೇ ಇತ್ತು, ಹನ್ನೊಂದು ಮನೆಗಳಲ್ಲಿ ಅವನ ವೈಫೈ ಮೇಲೆ ಧಾರಾವಾಹಿಗಳು ಓಡುತ್ತಿದ್ದವು.

ಸಂಜೆ ಮಾಸ್ತರು ಹೊಸ ಚಿಲಕ ಹಾಕಿಸಿ ಹಳೆಯ ಫಲಕ ಕಿತ್ತು ಹೊಸದನ್ನು ಅಂಟಿಸಿದರು: 'ಕಾಗೆಗಳ ಬಗ್ಗೆ ದೂರಿದ್ದರೆ ಆಗಾಶೆಯವರನ್ನು ಕಾಣಿರಿ. ಮೇ ಮೂವತ್ತೊಂದರವರೆಗೆ ಅವರು ಇಲ್ಲೇ ಇರುತ್ತಾರೆ.' ಇಟ್ಟಿಗೆಗೆ ಈಗ ಕೆಲಸವಿರಲಿಲ್ಲ. ಆಜಿ ಅದನ್ನು ಎತ್ತಿಸಿ ಮೋರೇಶ್ವರನ ಅಲುಗಾಡುವ ಸ್ಟೂಲಿನ ಕಾಲಿಗೆ ಆಸರೆ ಕೊಡಿಸಿದಳು.