ನನ್ನ ಗ್ರಹದ ಕೊನೆಯ ಗದ್ದೆ

ಗುಟ್ಟಾಗಿ ಇಟ್ಟುಕೊಳ್ಳುವ ವಸ್ತು ಆದಷ್ಟೂ ಚಿಕ್ಕದಾಗಿರಬೇಕು, ಬೀರುವಿನಲ್ಲಿ ಸೀರೆಗಳ ಅಡಿ ಹಿಡಿಸುವಂತಿರಬೇಕು. ನಾನು ಇಟ್ಟುಕೊಂಡಿದ್ದು ಒಂದು ಗ್ರಹ. ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ ನಮ್ಮೂರು ಕೊತ್ತತ್ತಿಗೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಮೂರು ವರ್ಷದಿಂದ ಅದನ್ನು ಬಣ್ಣದಲ್ಲಿ ಬರೆಯುತ್ತಿದ್ದೆ. ಎರಡು ಸೂರ್ಯ, ನೇರಳೆ ಆಕಾಶ, ಬೆಟ್ಟದಿಂದ ಇಳಿದು ಗದ್ದೆಗಳ ನಡುವೆ ಹರಿಯುವ ಒಂದೇ ಒಂದು ನಾಲೆ. ಜೀವಿಗಳಿಗೆ ಆರು ಕೈ, ದೊಡ್ಡ ಕಣ್ಣು. ಬಾಯಿ ಇಲ್ಲ. ಅನ್ನವನ್ನು ಅಂಗೈಯಿಂದಲೇ ಹೀರಿಕೊಳ್ಳುತ್ತಾರೆ. ಆ ಬಗ್ಗೆ ಎರಡು ಪುಟದ ಟಿಪ್ಪಣಿಯೂ ಇದೆ. ಬಸ್ಸಿನಲ್ಲಿ ಪಕ್ಕ ಕೂತವರು ‘ಮದ್ವೆ ಆಯ್ತೇನವ್ವ’ ಎಂದು ಕೇಳದ ಲೋಕ ಎಲ್ಲಾದರೂ ಒಂದು ಇರಲಿ ಎಂಬ ಆಸೆ ನನ್ನದು.

ಮಕ್ಕಳ ಪುಸ್ತಕ ಮಾಡುವ ಸಂಪಾದಕರೊಬ್ಬರು ಅದನ್ನು ಒಪ್ಪಿ, ಸೋಮವಾರಕ್ಕೆ ಹನ್ನೆರಡೂ ಚಿತ್ರ ಕೇಳಿದ್ದರು. ಶನಿವಾರ ನಡುಮನೆಯ ಫ್ಯಾನಿನ ಕೆಳಗೆ ಒಣಗಲು ಹರಡಿದ್ದೆ. ಅಪ್ಪ ಗದ್ದೆಯಿಂದ ಬೇಗ ಬಂದುಬಿಟ್ಟರು. ಅವರು ಮೂವತ್ತು ವರ್ಷ ನೀರುಗಂಟಿಯಾಗಿದ್ದವರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಾಲೆಯ ತೂಬು ಎತ್ತಿ ಇಳಿಸಿದವರು. ಎರಡು ಸೂರ್ಯ ಅವರಿಗೆ ವಿಚಿತ್ರ ಅನಿಸಲಿಲ್ಲ. ಆರು ಕೈ ನೋಡಿ, ನಾಟಿಗೆ ಒಳ್ಳೆಯದು ಎಂದರು. ಆಮೇಲೆ ನಾಲೆಯ ಉದ್ದಕ್ಕೂ ಬೆರಳಾಡಿಸುತ್ತ ಬಂದು ಕೊನೆಯ ಗದ್ದೆಯಲ್ಲಿ ನಿಂತ ಜೀವಿಯ ಹತ್ತಿರ ನಿಲ್ಲಿಸಿದರು.

“ಇವನಿಗೆ ನೀರು ಬರಾಕಿಲ್ಲ ಕಣವ್ವ.”

ಇಳಿಜಾರು ಸರಿಯಾಗಿದೆ, ಬರುತ್ತದೆ ಎಂದೆ. ಎಷ್ಟು ಡಿಗ್ರಿ ಎಂಬುದನ್ನೂ ಹೇಳಿದೆ.

“ಇಳಿಜಾರು ಇರ್ಲಿ ಬುಡು. ಮೇಲ್ಗಡೆಯೋನು ತನ್ ಗದ್ದೆ ತುಂಬುದ್ರೂ ತೂಬು ಮುಚ್ಚಾಕಿಲ್ಲ. ಕೊನೆಯೋನು ಬಂದು ಕೂಗಾಡುದ್ರೇ ಮುಚ್ಚಾದು. ನೀನು ಬಾಯೇ ಮಡಗಿಲ್ವಲ್ಲ, ಕೇಳಾದೆಂಗೆ?”

ನನ್ನ ಜೀವಿಗಳು ಸಭ್ಯರು, ಯಾರೂ ಸರದಿ ತಪ್ಪಿಸುವುದಿಲ್ಲ ಎಂದೆ. ಅಪ್ಪ ನನ್ನನ್ನು ಕನಿಕರದಿಂದ ನೋಡಿ ಕೈಕಾಲು ತೊಳೆಯಲು ಹೋದರು.

ಆ ಕೊನೆಯವನನ್ನೇ ನೋಡುತ್ತ ಕೂತೆ. ನಾನು ಸೌಜನ್ಯ ಎಂದುಕೊಂಡು ಕೊಟ್ಟ ಮೌನಕ್ಕೆ ಅವನು ಮೂರು ವರ್ಷದಿಂದ ಒಣಗುತ್ತಿದ್ದ. ನನಗೆ ಅದು ತಿಳಿಯಬೇಕಿತ್ತು. ಓದುವಾಗ ಹಾಸ್ಟೆಲಿನ ಪಂಕ್ತಿಯ ಕೊನೆಯಲ್ಲಿ ಕೂತು, ಬಡಿಸುವವರು ಮರೆತ ಸಾರನ್ನು ಕೇಳಲಾರದೆ ಬರೀ ಮುದ್ದೆ ನುಂಗಿ ಎದ್ದವಳು ನಾನು.

ಹನ್ನೆರಡು ಚಿತ್ರದಲ್ಲೂ ಎಲ್ಲರಿಗೂ ಬಾಯಿ ಬರೆಯಲು ಇನ್ನೊಂದು ವಾರ ಬೇಕು. ಸಂಪಾದಕರನ್ನು ಕೇಳಬೇಕು. ನಾಲ್ಕು ಸಲ ಮೆಸೇಜು ಬರೆದು ಅಳಿಸಿದೆ. ಕೊನೆಗೆ ನಂಬರು ಒತ್ತಿ, ಆ ಕಡೆ ರಿಂಗಾಗುತ್ತಿದ್ದಂತೆ ಮೊಬೈಲನ್ನು ಅಪ್ಪನ ಒದ್ದೆ ಕೈಗೆ ಕೊಟ್ಟು, ವಿಷಯವನ್ನು ಪಿಸುಗುಟ್ಟಿದೆ.

“ನಮಸ್ಕಾರ ಸಾ,” ಅಪ್ಪ ನಾಲೆಯ ಆಚೆ ದಡದವರಿಗೆ ಕೇಳಿಸುವ ದನಿಯಲ್ಲಿ ಶುರು ಮಾಡಿದರು. “ನಮ್ ಮಗಳ ಗ್ರಹದಲ್ಲಿ ನಾಲೆ ರಿಪೇರಿ ನಡೀತಾ ಅದೆ. ಒಂದ್ವಾರ ನೀರು ಬುಡಾಕಾಗಾಕಿಲ್ಲ.”

ಅವರು ಒಪ್ಪಿದರಂತೆ. ಅಷ್ಟರಲ್ಲಿ ನಾನು ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಕೊನೆಯ ಗದ್ದೆಯವನಿಗೆ ಬಾಯಿ ಬರೆಯುತ್ತಿದ್ದೆ.