ಮೀನಿನ ತೊಟ್ಟಿಯ ನೀರು ಪಾಸಾದ ಬಗೆ

ಬೇರೆಯವರು ಮನೆಗೆ ಏನಾದರೂ ತಂದರೆ ಆ ವಸ್ತು ಮಾತ್ರ ಬರುತ್ತದೆ. ನಮ್ಮ ಮನೆಗೆ ಏನು ತಂದರೂ ಅದರ ಹಿಂದೆ ಒಂದು ತಮಾಷೆ ಬಾಲದ ಹಾಗೆ ಬಂದು ಸೇರುತ್ತದೆ. ಮಿಕ್ಸಿ ತಂದಾಗಲೂ ಹೀಗೇ ಆಯಿತು. ಆ ಕಥೆ ಈಗ ಬೇಡ, ಅತ್ತೆ ಇಲ್ಲೇ ಕೂತಿದ್ದಾರೆ.

ಈಗ ಹೇಳುವುದು ಗಾಜಿನ ತೊಟ್ಟಿಯ ವಿಷಯ. ಮಗಳು ಹುಟ್ಟುಹಬ್ಬಕ್ಕೆ ಕೇಳಿದ್ದು ನಾಯಿಮರಿ. ಹೊಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾಯಿ ಕೂಡದು ಎಂದರು ಮಹಡಿ ಮೇಲಿರುವ ಓನರ್ ಅಕ್ಕ. "ಬೊಗಳೋದು ಈಗಿರೋದೇ ಸಾಕು, ಸದ್ದು ಮಾಡದೆ ಇರೋದೇನಾದರೂ ತಗೊಳ್ಳಿ" ಎಂದರು, ನನ್ನ ಮುಖವನ್ನೇ ನೋಡುತ್ತಾ. ಹಾಗಾಗಿ ಮೀನು ಎಂದು ತೀರ್ಮಾನವಾಯಿತು. ಹುಟ್ಟುಹಬ್ಬಕ್ಕೆ ಇನ್ನೂ ಎರಡು ತಿಂಗಳಿದ್ದರೂ ಮಗಳು ಮಾರನೇ ದಿನವೇ ಕ್ಲಾಸಿನ ಗೆಳತಿಯರನ್ನೆಲ್ಲ ಕರೆದುಬಿಟ್ಟಳು. ಕೇಕ್ ತಿನ್ನುವುದಕ್ಕಲ್ಲ, ಮೀನು ನೋಡುವುದಕ್ಕೆ.

ಕಾಣದ ಮೀನು

ಬಾಗಲೂರು ರಸ್ತೆಯ ಮೀನಿನ ಅಂಗಡಿಯವರು ತೊಟ್ಟಿ ಕೊಟ್ಟರು, ಕಲ್ಲು ಕೊಟ್ಟರು, ಸ್ಪಂಜಿನ ಫಿಲ್ಟರ್ ಕೊಟ್ಟರು, ನೀರಿನ ಟೆಸ್ಟ್ ಕಿಟ್ ಕೊಟ್ಟರು. ಮೀನು ಮಾತ್ರ ಕೊಡಲಿಲ್ಲ.

"ಮೊದಲು ನೀರು ಹದಕ್ಕೆ ಬರಬೇಕು ಅಕ್ಕಾ. ದಿನಾ ಒಂದು ಚಿಟಿಕೆ ಮೇವು ಹಾಕಿ. ಅದು ಕೊಳೆತು ಅಮೋನಿಯಾ ಅನ್ನೋ ವಿಷ ಆಗುತ್ತೆ. ಅದನ್ನು ತಿನ್ನೋ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿ ಹುಟ್ಟಿ ನೈಟ್ರೈಟ್ ಅನ್ನೋ ಇನ್ನೊಂದು ವಿಷ ಮಾಡ್ತವೆ. ಅದನ್ನು ತಿನ್ನೋಕೆ ಇನ್ನೊಂದು ಜಾತಿ ಹುಟ್ಟಿ ನೈಟ್ರೇಟ್ ಮಾಡ್ತವೆ. ಇದು ಸ್ವಲ್ಪ ಇದ್ದರೆ ಮೀನಿಗೆ ತೊಂದರೆಯಿಲ್ಲ. ಮೊದಲೆರಡು ಸೊನ್ನೆಯಾಗಿ ಮೂರನೇದು ಕಾಣಿಸಿಕೊಂಡ ಮೇಲೆ ಒಂದು ಬಾಟಲಿ ನೀರು ತನ್ನಿ, ನಾನೂ ನೋಡ್ತೀನಿ. ಆಮೇಲೆ ಮೀನು."

"ಎಷ್ಟು ದಿನ ಆಗುತ್ತೆ?"

"ತಿಂಗಳಾದ್ರೂ ಬೇಕು."

ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ನನ್ನನ್ನು ಕೊಡುವಾಗ ಈ ಮನೆಯ ನೀರನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ.

ಮಗಳು ಸ್ಕೂಲಿಂದ ಬಂದವಳೇ ಖಾಲಿ ತೊಟ್ಟಿಗೆ ಮೇವು ಹಾಕಿ, "ತಿನ್ನಿ, ತಿನ್ನಿ" ಎನ್ನುತ್ತಿದ್ದಳು. ಒಂದು ಸಂಜೆ ಓನರ್ ಅಕ್ಕ ಬಂದರು. ಅವರು ತಮಿಳಿನವರು, ಮನೆಗೆ ಬಂದರೆ ಏನನ್ನಾದರೂ ಹೊಗಳದೆ ಹೋಗುವವರಲ್ಲ. ತೊಟ್ಟಿಯ ಮುಂದೆ ಬಗ್ಗಿದರು, ಪಕ್ಕದಿಂದ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮಗು ಮೇವು ಹಾಕುತ್ತಿದೆ, ಮೀನಿಲ್ಲ ಎನ್ನುವುದು ಹೇಗೆ?

"ರೊಂಬ ಅಳಗಾ ಇರುಕ್ಕು" ಎಂದು ಮೆಚ್ಚಿಕೊಂಡರು. "ಎರಡು ನೋಡಿದೆ. ಇನ್ನೊಂದು ಕಲ್ಲಿನ ಹಿಂದೆ ಇರಬೇಕು, ಪಾಪ, ಅದಕ್ಕೆ ನಾಚಿಕೆ."

ರಿಜೆಕ್ಟ್

ನಮ್ಮ ಯಜಮಾನರು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದು ಸರಿಯಿಲ್ಲ ಎನ್ನುವುದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತಾರೆ.

ನೀರಿನ ಟೆಸ್ಟ್ ಕಿಟ್ ನೋಡಿ ಅವರಿಗೆ ಹಬ್ಬವೇ ಆಯಿತು. ಗಾಜಿನ ನಳಿಗೆಗೆ ತೊಟ್ಟಿಯ ನೀರು ಹಾಕಿ, ಔಷಧದ ಹನಿ ಬಿಟ್ಟು ಅಲ್ಲಾಡಿಸಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದಷ್ಟೂ ಹಸಿರು. ಕೆಲವು ದಿನ ಕಳೆದ ಮೇಲೆ ಕಡು ಹಸಿರು ಬಂತು. ಅಂಗಡಿಯವರು ಹೇಳಿದಂತೆಯೇ ನಡೆಯುತ್ತಿದೆ ಎಂದು ಸಂತೋಷದಿಂದ ನಾನು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಯಜಮಾನರು ಪೈಪ್ ಹಾಕಿ ನೀರನ್ನೆಲ್ಲ ಬಚ್ಚಲಿಗೆ ಬಿಟ್ಟು, ಸ್ಪಂಜಿಗೆ ಸೋಪು ಹಾಕಿ ಉಜ್ಜುತ್ತಿದ್ದರು.

"ಅಯ್ಯೋ, ಇದೇನ್ರೀ ಮಾಡಿದ್ರಿ?"

"ಲಿಮಿಟ್ ದಾಟಿತ್ತು. ರಿಜೆಕ್ಟ್."

"ಅದು ಬರಬೇಕಾದ್ದೇ! ತಾನಾಗೇ ಇಳಿಯುತ್ತೆ ಅಂತ ಹೇಳಿರಲಿಲ್ವಾ?"

"ಫೇಲಾದ ಮಾಲು ಇಟ್ಕೊಂಡು ಪಾಸಾಗಲಿ ಅಂತ ಕಾಯೋದು ನಮ್ಮಲ್ಲಿ ಇಲ್ಲ."

"ಹತ್ತನೇ ಕ್ಲಾಸಲ್ಲಿ ನನ್ನ ಮೊದಲ ಗಣಿತದ ಪೇಪರ್ ನೋಡಿ ಮೇಷ್ಟ್ರು ನನ್ನನ್ನೂ ಹೀಗೇ ಬಚ್ಚಲಿಗೆ ಬಿಟ್ಟಿದ್ರೆ, ನಿಮಗೆ ಈ ಹೆಂಡತಿ ಸಿಗ್ತಿರಲಿಲ್ಲ."

ಅವರು ಸ್ಪಂಜು ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ನೋಡಿದರೆ ಆ ಮೇಷ್ಟ್ರ ಮೇಲೆ ಬೇಜಾರು ಮಾಡಿಕೊಂಡಂತಿತ್ತು.

ಹಳದಿ ಬಣ್ಣ

ಮತ್ತೆ ಮೊದಲಿಂದ ಶುರು. ಮತ್ತೆ ಚಿಟಿಕೆ ಮೇವು, ಮತ್ತೆ ಕಡು ಹಸಿರು. ಈ ಸಲ ಯಜಮಾನರನ್ನು ಪೈಪಿನ ಹತ್ತಿರ ಬಿಡಲಿಲ್ಲ. ಮಗಳು ದಿನಾ ಮಲಗುವ ಮುಂಚೆ ಕೇಳುವಳು, "ಅಮ್ಮಾ, ಹುಟ್ಟುಹಬ್ಬದೊಳಗೆ ಆಗುತ್ತಾ?" ಆಗುತ್ತೆ ಎನ್ನುತ್ತಿದ್ದೆ. ಧೈರ್ಯ ನನಗೂ ಇರಲಿಲ್ಲ.

ಕೊನೆಗೆ ಹಸಿರು ಇಳಿಯತೊಡಗಿತು. ಒಂದು ಬೆಳಗ್ಗೆ ನಾನು ಹಳದಿ ಎಂದೆ, ಅವರು ಹಸಿರು ಎಂದರು. ರಾಯಕೋಟೆ ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ ಅವರೇಕಾಯಿ ಸುಲಿಯುತ್ತಾ ಇಬ್ಬರನ್ನೂ ಗದರಿದರು.

"ಟ್ಯೂಬ್‌ಲೈಟಲ್ಲಿ ಸೀರೆ ಬಣ್ಣ ನೋಡಿ ಮೋಸ ಹೋದೋರು ಎಷ್ಟು ಜನ ಇಲ್ಲ? ಬಿಸ್ಲಿಗೆ ತಗಂಡೋಗಿ ನೋಡ್ಲಾ."

ಯಜಮಾನರು ಬನಿಯನ್ನಿನಲ್ಲೇ ರಸ್ತೆಗೆ ಇಳಿದು ನಳಿಗೆಯನ್ನು ಸೂರ್ಯನ ಕಡೆ ಎತ್ತಿದರು. "ಹಳದಿ! ಪೂರ್ತಿ ಹಳದಿ ಕಣೇ!" ಎಂದು ಕುಣಿದಾಡಿದರು. ಅತ್ತೆ ಬಾಗಿಲಲ್ಲಿ ನಿಂತು, "ಅಪ್ಪಟ ಅರಿಶ್ಣ ಕಣ್ಲಾ" ಎಂದು ಸಾಕ್ಷಿ ಹೇಳಿದರು. ಮೇಲೆ ಓನರ್ ಅಕ್ಕ ಬಟ್ಟೆ ಒಣಹಾಕುತ್ತಿದ್ದರು.

ಸಂಜೆ ಅವರು ಒಂದು ಲೋಟ ಹಿಡಿದು ಬಂದರು. ಕಾಮಾಲೆಗೆ ಕೊಡುವ ನೆಲನೆಲ್ಲಿ ಸೊಪ್ಪನ್ನು ಅರೆದು ಮಜ್ಜಿಗೆಯಲ್ಲಿ ಕಲಸಿದ್ದರು. "ಎಣ್ಣೆ ಬೇಡ, ಖಾರ ಬೇಡ. ಬೇಗ ಇಳಿಯುತ್ತೆ."

"ಅಕ್ಕಾ, ಅದು ಮೀನಿನ ನೀರು."

"ನೀನು ಹಾಗೇ ಹೇಳಬೇಕಮ್ಮಾ, ಮನೆ ಹೆಂಗಸಲ್ವಾ?" ಎಂದು ನನ್ನ ಕೈ ಹಿಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಆದರೆ ಕಾಮಾಲೆ ಬಂತು ಅಂತ ರಸ್ತೇಲಿ ಕುಣಿಯೋರನ್ನ ನಾನು ನೋಡಿರಲಿಲ್ಲ. ಫ್ಯಾಕ್ಟರೀಲಿ ಲೀವ್ ಸಿಗೋದು ಅಷ್ಟು ಕಷ್ಟಾನಾ?"

ಅತ್ತೆ ಒಯ್ದ ನೀರು

ಹುಟ್ಟುಹಬ್ಬದ ಹಿಂದಿನ ದಿನ. ಬೆಳಗ್ಗೆಯ ಟೆಸ್ಟಿನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಇದೆ ಎನ್ನುವುದಕ್ಕೆ ಚೆಂದದ ಕಿತ್ತಳೆ ಬಣ್ಣ. ಇನ್ನು ಅಂಗಡಿಯವರು ಹೂಂ ಎನ್ನಬೇಕು, ಅಷ್ಟೆ. ಯಜಮಾನರು ಶಿಫ್ಟಿಗೆ ಹೋಗಿದ್ದರು. ನಾನು ಮರುದಿನದ ಅಡುಗೆಗೆ ಹಿಟ್ಟು ರುಬ್ಬುತ್ತಿದ್ದೆ.

"ಕೊಡು ಇತ್ತ, ಎಂಗೂ ಸೊಪ್ಪಿಗೆ ಹೋಯ್ತಿದೀನಿ" ಎಂದರು ಅತ್ತೆ. ತೊಟ್ಟಿಯಿಂದ ಬಾಟಲಿ ತುಂಬಿ ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ಅವರು ಎತ್ತಿಕೊಂಡು ಹೊರಟರು.

ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ಫೋನ್. "ಅಕ್ಕಾ, ಮೂರೂ ಸೊನ್ನೆ. ನೈಟ್ರೇಟೂ ಇಲ್ಲ. ನಿಮ್ಮ ತೊಟ್ಟಿ ಇನ್ನೂ ಶುರುವೇ ಆಗಿಲ್ಲ. ಇದಕ್ಕೆ ಮೀನು ಕೊಟ್ಟರೆ ಸಾಯ್ತವೆ."

ಪಕ್ಕದಲ್ಲೇ ನಿಂತಿದ್ದ ಮಗಳು ಹೋಗಿ ಮೇವಿನ ಡಬ್ಬಿಯ ಮುಚ್ಚಳ ಹಾಕಿಟ್ಟಳು. ಅತ್ತಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಅತ್ತೆ ಸೊಪ್ಪಿನ ಚೀಲ ಹಿಡಿದು ಶೇರ್ ಆಟೋದಿಂದ ಇಳಿದರು.

"ಅತ್ತೆ, ಬೆಳಗ್ಗೆ ಇಲ್ಲಿ ಕಿತ್ತಳೆ, ಅಲ್ಲಿ ಹೋಗಿ ಸೊನ್ನೆ ಆಗಿದ್ದು ಹೇಗೆ?"

"ಯಾವ ಕಿತ್ತಳೆನೋ ಏನೋ. ನೀನ್ ಕೊಟ್ಟ ನೀರ್ನಾಗೆ ಕಸ ತೇಲ್ತಿತ್ತು, ಮಣ್ಣು ವಾಸ್ನೆ ಬೇರೆ. ನಾಲ್ಕು ಜನ ಇರೋ ಅಂಗ್ಡೀಲಿ ಇದು ನಮ್ಮನೆ ನೀರು ಅಂತ ಇಕ್ಕಕ್ಕಾಯ್ತದಾ? ಚೆಲ್‌ಬುಟ್ಟು, ಬಾಟ್ಲಿ ತೊಳ್ದು, ಕುಡಿಯೋ ಕ್ಯಾನ್ ನೀರು ತುಂಬ್ಕಂಡೋದೆ."

ಯಾರ ಮನೆಗೆ ಹೋದರೂ ಮೊದಲು ಕೊಟ್ಟ ನೀರನ್ನು ನೋಡಿ ಆ ಮನೆಯವರನ್ನು ಅಳೆಯುವವರು ಅತ್ತೆ. ಅವರ ತಪ್ಪೇನು ಬಂತು?

ಶಿಫ್ಟ್ ಮುಗಿಸಿ ಬಂದ ಯಜಮಾನರು ಕೂರಲೂ ಇಲ್ಲ. ತಾವೇ ಬಾಟಲಿ ತುಂಬಿ, ಯಾರ ಕೈಗೂ ಕೊಡದೆ ಬೈಕ್ ಹತ್ತಿದರು. ಅಂಗಡಿ ಮುಚ್ಚುವ ಮುಂಚೆ ನೀರು ಪಾಸಾಯಿತು. ಆರು ಮೀನು ಬಂದವು.

ಮರುದಿನ ಗೆಳತಿಯರೆಲ್ಲ ಗಾಜಿಗೆ ಮೂಗು ಒತ್ತಿಕೊಂಡು ಕೂತರು. ಕೇಕ್ ಕತ್ತರಿಸುವುದು ಮಗಳಿಗೇ ಮರೆತುಹೋಗಿತ್ತು. ಓನರ್ ಅಕ್ಕ ಬಂದು ಎಣಿಸಿ ಬೆರಗಾದರು, "ಆವತ್ತು ಎರಡೇ ಇದ್ದವು. ಮರಿ ಹಾಕಿದ್ವಾ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಅವರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಅವರಿಗೆ ಬೇರೆಯೇ ನೋವಿತ್ತು.

"ಕೇಳವ್ವಾ ಈ ಅನ್ಯಾಯನ. ಕುಡಿಯೋ ಅಂಥಾ ಒಳ್ಳೇ ನೀರು ತಗಂಡೋಗಿ ಕೊಟ್ಟೆ, ಅಂಗ್ಡಿಯೋನು ಫೇಲ್ ಅಂದ. ನನ್ ಮಗ ಕೊಳೆತಿರೋ ನೀರು ತಗಂಡೋದ, ಪಾಸಂತೆ! ನಾನು ಇಸ್ಕೂಲಿಗೆ ಹೋಗ್ದೆ ಇದ್ದಿದ್ದು ಎಷ್ಟು ಒಳ್ಳೇದಾಯ್ತು ನೋಡು."